ಹಿಡಿಕೆಯಲ್ಲಿ ನೇತಾಡಿದ ಸ್ಪ್ಯಾನರ್

ಅಪ್ಪ ಬಿಟ್ಟುಹೋದ ಹುಲ್ಲು ಕತ್ತರಿಸುವ ಯಂತ್ರಕ್ಕೆ ನಮ್ಮ ಮನೆಯಲ್ಲಿ ಮುದುಕಪ್ಪ ಎಂದು ಹೆಸರು. ಪೆಟ್ರೋಲ್ ಕುಡಿಯುತ್ತದೆ, ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಮನಸ್ಸು ಬಂದರೆ ಕೆಲಸ ಮಾಡುತ್ತದೆ. ಶಾಲೆಯ ಮೈದಾನ, ಆಸ್ಪತ್ರೆಯ ಅಂಗಳ ಎಂದು ಅದನ್ನು ತಳ್ಳಿಕೊಂಡೇ ನಾನು ಸಂಸಾರವನ್ನೂ ತಳ್ಳುತ್ತ ಬಂದವಳು. ಒಂದು ವಾರದಿಂದ ಅದು ಕೆಮ್ಮುವುದನ್ನೂ ನಿಲ್ಲಿಸಿತ್ತು.

ಮುದುಕಪ್ಪನ ವಿಷಯದಲ್ಲಿ ಅಪ್ಪ ಒಂದು ಪದ್ಧತಿ ಮಾಡಿದ್ದರು. ಅಡಿಯಲ್ಲಿರುವ ಬ್ಲೇಡಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಬೇಕು, ಬಿಚ್ಚಿದ ಸ್ಪ್ಯಾನರನ್ನು ಹಿಡಿಕೆಗೆ ನೇತುಹಾಕಬೇಕು. ಸ್ಪ್ಯಾನರ್ ನೇತಾಡುತ್ತಿದೆ ಎಂದರೆ ಒಳಗೆ ಕಿಡಿ ಇಲ್ಲ, ಕೈ ಹಾಕಬಹುದು. ಪ್ಲಗ್ ಮತ್ತೆ ಕೂರಿಸಿದರೆ ಸ್ಪ್ಯಾನರ್ ಡಬ್ಬಿಗೆ. ಯಾಕೆಂದರೆ ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ತಿರುಗುತ್ತದೆ. ಕಿಡಿ ಇದ್ದರೆ ಹೊತ್ತಿಕೊಳ್ಳುತ್ತದೆ.

"ಬೆರಳು ಯಾವ ಅಂಗಡೀಲೂ ಸಿಗಲ್ಲ" ಎನ್ನುತ್ತಿದ್ದರು ಅಪ್ಪ.

ಈ ಪದ್ಧತಿ ಗೊತ್ತಿದ್ದದ್ದು ನನಗೆ ಮತ್ತು ನನ್ನ ಮಗಳಿಗೆ. ಮಗಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಅಲ್ಲಿ ಸೇರಿದ ದಿನದಿಂದ ನನ್ನಮ್ಮ ಅವಳನ್ನು ಕತ್ತರಿ ಎಂದೇ ಕರೆಯುವುದು. ಕಾಜಾ ಹಾಕುವುದರಲ್ಲಿ ಅವಳ ಬೆರಳಿಗೆ ಸಮ ಇಲ್ಲ ಎಂದು ಅಂಗಡಿಯಾಕೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ಆ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಮುದುಕಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಹೊಸ ಪ್ಲಗ್ ಹಾಕಿ ನೋಡಿದ್ದಾಗಿತ್ತು. ಮ್ಯಾಗ್ನೆಟ್ ಚಕ್ರದ ತುಕ್ಕನ್ನು ಉಜ್ಜಿ ತೆಗೆದದ್ದೂ ಆಗಿತ್ತು. ಪ್ಲಗ್ ಬಿಚ್ಚಿ, ಅದಕ್ಕೆ ಕ್ಯಾಪ್ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು ಹಗ್ಗ ಎಳೆದರೆ ತುದಿಯಲ್ಲಿ ಕಿಡಿ ಹಾರಬೇಕು. ಎಷ್ಟು ಎಳೆದರೂ ಮಿಣಕ್ ಎನ್ನಲಿಲ್ಲ.

"ಏನಂತೆ ನಿಮ್ಮಪ್ಪನ ಯಂತ್ರಕ್ಕೆ?" ಅಮ್ಮ ಬಾಗಿಲಿಗೆ ಒರಗಿ ಕೇಳಿದಳು.

"ಕಿಡಿ ಇಲ್ಲಮ್ಮ."

"ಅದಕ್ಕೂ ನನಗೂ ಒಂದೇ ಕಾಯಿಲೆ ಬಿಡು. ಗುಜರಿಗೆ ಹಾಕೇ, ತೆಪ್ಪಗೆ."

"ನಿನ್ನನ್ನಾ, ಅದನ್ನಾ?"

"ಯಾವುದು ಮೊದಲು ತಗೋತಾರೋ ಅದನ್ನ."

ನಗು ಬಂತು, ಕೈ ಮಾತ್ರ ಸೋತಿತ್ತು. ಉಳಿದದ್ದು ಒಂದೇ, ಆಫ್ ವೈರು. ಈ ಹಳೇ ಯಂತ್ರದಲ್ಲಿ ಸ್ವಿಚ್ ಆಫ್ ಮಾಡಿದರೆ ಕಿಡಿ ಹುಟ್ಟಿಸುವ ಕಾಯಿಲಿನ ಕರೆಂಟು ಆ ತೆಳ್ಳನೆಯ ವೈರಿನಿಂದ ಎಂಜಿನ್ನಿನ ಮೈಗೆ ಹರಿದುಹೋಗುತ್ತದೆ, ಪ್ಲಗ್ಗಿಗೆ ಏನೂ ಸಿಗುವುದಿಲ್ಲ. ವೈರನ್ನು ಬೆರಳಲ್ಲಿ ಸವರುತ್ತ ಹೋದೆ. ಹಿಡಿಕೆಯ ತಿರುವಿನಲ್ಲಿ ಅದರ ಸಿಪ್ಪೆ ಸವೆದು, ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಪಾಪ, ಮುದುಕಪ್ಪನನ್ನು ಒಂದು ವಾರದಿಂದ ಯಾರೋ ಆಫ್ ಮಾಡಿಯೇ ಇಟ್ಟ ಹಾಗಿತ್ತು.

ಕಾಯಿಲಿನ ಹತ್ತಿರ ಆ ವೈರನ್ನು ಕಳಚಿಬಿಟ್ಟೆ. "ಅಮ್ಮ, ಬಾ ಇಲ್ಲಿ. ಟವೆಲ್ ಅಡ್ಡ ಹಿಡಿ, ಬಿಸಿಲಿಗೆ ಕಾಣಲ್ಲ" ಎಂದು ಹಗ್ಗ ಎಳೆದೆ. ಟವೆಲ್ಲಿನ ನೆರಳಲ್ಲಿ ನೀಲಿ ಕಿಡಿ ಚಟ್ ಎಂದಿತು.

"ಅಯ್ಯೋ, ಜೀವ ಇದೆ ಕಣೇ!" ಅಮ್ಮ ಮಗುವಿನ ಹಾಗೆ ಕೂಗಿದಳು.

ಪ್ಲಗ್ ಕೂರಿಸಿ ಕ್ಯಾಪ್ ಹಾಕಿ ಮತ್ತೆ ಎಳೆದೆ. ಮುದುಕಪ್ಪ ಕೆಮ್ಮಿ ಹೊಗೆ ಬಿಟ್ಟು ನಿಂತಿತು. ನೋಡಿದರೆ ಪೆಟ್ರೋಲಿನ ನಲ್ಲಿ ಮುಚ್ಚಿತ್ತು. ಅದನ್ನು ತೆರೆಯುವಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಹೇಗೂ ಆ ವೈರಿಗೆ ಸುತ್ತಲು ಟೇಪು ಬೇಕಿತ್ತು. ಸ್ಪ್ಯಾನರನ್ನು ಹುಲ್ಲಿನ ಮೇಲೇ ಬಿಟ್ಟು ಒಳಗೆ ಹೋದೆ.

ಶಾಲೆಯ ಕಾವಲುಗಾರ. "ಅಕ್ಕಾ, ನಾಳೆ ಬರ್ತೀಯೋ, ಇಲ್ಲ ಮೈದಾನಕ್ಕೆ ದನಾನೇ ಬಿಡ್ಲೋ?"

"ಬರ್ತೀನಣ್ಣ. ಯಂತ್ರ ಸರಿಹೋಯ್ತು!" ಎಂದೆ. ದನಿಯಲ್ಲಿ ಜಂಬವೂ ಇತ್ತು.

ಟೇಪು ಹುಡುಕುತ್ತ ಡ್ರಾಯರು ಎಳೆದಿದ್ದೆ. ಹಿತ್ತಲಲ್ಲಿ ಮಗಳ ದನಿ ಕೇಳಿತು, ಊಟಕ್ಕೆ ಬಂದಿದ್ದಳು. "ಥೂ, ಎಷ್ಟು ಹುಲ್ಲು ಮೆತ್ತಿದೆ ಇದಕ್ಕೆ! ಅಮ್ಮನಿಗೆ ಇದೊಂದಾದ್ರೂ ಮಾಡಿಕೊಡ್ತೀನಿ ತಡಿ ಅಜ್ಜಿ." ಕೇಳಿ ಖುಷಿಯೇ ಆಯಿತು. ಸ್ಪ್ಯಾನರ್ ಹಿಡಿಕೆಯಲ್ಲಿಲ್ಲ, ಮೇಲಿನ ಹುಲ್ಲು ಕೊಡವುತ್ತಾಳೆ ಅಷ್ಟೇ ಎಂದುಕೊಂಡೆ.

ಆಮೇಲೆ ಮುದುಕಪ್ಪ ಗರ್ಜಿಸಿತು. ಯಾರೂ ಹಗ್ಗ ಎಳೆದ ಸದ್ದು ಕೇಳಿರಲಿಲ್ಲ.

ನಾನು ಹೇಗೆ ಹೊರಗೆ ಬಂದೆನೋ ತಿಳಿಯದು. ಯಂತ್ರ ಪಕ್ಕಕ್ಕೆ ವಾಲಿಕೊಂಡು ಅರಚುತ್ತಿತ್ತು, ಬ್ಲೇಡು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು. ಮಗಳು ನೆಲದ ಮೇಲೆ ಹಿಂದಕ್ಕೆ ಬಿದ್ದಿದ್ದಳು, ಬಲಗೈ ಎದೆಗೆ ಒತ್ತಿಕೊಂಡಿದ್ದಳು. ಅಮ್ಮ ಸ್ವಿಚ್ಚನ್ನು ಆಫ್ ಮಾಡುತ್ತಿದ್ದಳು, ಮತ್ತೆ ಮತ್ತೆ ಮಾಡುತ್ತಿದ್ದಳು. "ನಿಲ್ತಿಲ್ಲ, ನಿಲ್ತಿಲ್ಲ ಕಣೇ!" ಹೇಗೆ ನಿಂತೀತು? ಆ ಆಫ್ ವೈರನ್ನು ನಾನೇ ಕಳಚಿದ್ದೆ.

ಪ್ಲಗ್ಗಿನ ಕ್ಯಾಪನ್ನು ಬರಿಗೈಯಲ್ಲಿ ಹಿಡಿದು ಕಿತ್ತೆ. ಭುಜದವರೆಗೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಕರೆಂಟು ಹೊಡೆಯಿತು. ಎಂಜಿನ್ ನಿಂತಿತು.

ಹುಲ್ಲಿನ ಮೇಲೆ ಬೆರಳುಗಳು ಬಿದ್ದಿದ್ದವು.

ಅವು ಅವಳು ಹಾಕಿಕೊಂಡಿದ್ದ ಅಪ್ಪನ ಹಳೇ ಚರ್ಮದ ಗ್ಲೌಸಿನ ಬೆರಳುಗಳು ಎಂದು ಕಣ್ಣು ಕಂಡರೂ ಬುದ್ಧಿ ಒಪ್ಪಲಿಲ್ಲ. ಮಂಡಿಯೂರಿ ಒಂದೊಂದನ್ನೂ ಎತ್ತಿ ಒಳಗೆ ಇಣುಕಿ ನೋಡಿದೆ. ಖಾಲಿ. ಆಮೇಲೇ ಮಗಳ ಕೈಯನ್ನು ಅವಳ ಎದೆಯಿಂದ ಬಿಡಿಸಲು ಧೈರ್ಯ ಬಂದದ್ದು. ಬೆರಳೆಲ್ಲ ಇದ್ದವು. ಗ್ಲೌಸು ಅವಳಿಗೆ ಯಾವಾಗಲೂ ದೊಗಲೆ. ಬ್ಲೇಡು ತುದಿಯನ್ನು ಕಚ್ಚಿ ಎಳೆದಾಗ ಕೈ ಜಾರಿ ಹೊರಗೆ ಬಂದಿತ್ತು. ನಡುಬೆರಳ ಉಗುರಿನ ಅಂಚಿನಲ್ಲಿ ಒಂದು ಕೆಂಪು ಗೀರು.

"ಬುದ್ಧಿ ಇಲ್ವೇನೇ ನಿನಗೆ?" ಎಂದು ಕಿರುಚಿದೆ. "ನೋಡಿ ಕೈ ಹಾಕೋಕಾಗಲ್ವಾ?"

"ನೋಡಿದೆ!" ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ನೋಡೇ ಹಾಕ್ದೆ. ಸ್ಪ್ಯಾನರ್ ನೇತಾಡ್ತಿದೆಯಲ್ಲಮ್ಮಾ!"

ತಲೆ ಎತ್ತಿದೆ. ಹುಲ್ಲಿನ ಮೇಲೆ ನಾನು ಬಿಟ್ಟುಹೋದ ಸ್ಪ್ಯಾನರ್ ಹಿಡಿಕೆಯಲ್ಲಿ ಇನ್ನೂ ತೂಗುತ್ತಿತ್ತು.

ಅಮ್ಮ ಸ್ವಿಚ್ಚಿನ ಮೇಲಿಂದ ಕೈ ತೆಗೆದಿರಲಿಲ್ಲ. "ನಾನೇ ಹಾಕಿದ್ದು," ಎಂದಳು. "ಕಾಲಿಗೆ ಸಿಕ್ಕೀತು ಅಂತ ಎತ್ತಿಟ್ಟೆ. ವಾರದಿಂದ ಅದು ಅಲ್ಲೇ ಇತ್ತಲ್ವಾ? ಅದರ ಜಾಗ ಅದೇ ಅಂದ್ಕೊಂಡೆ." ಹಿಡಿಕೆಯತ್ತ ನೋಡಿ, "ಅದರ ಜಾಗ ಅಲ್ವಾ ಅದು?"

ನಾನು ಹೇಳಬೇಕಾಯಿತು. ಅಪ್ಪನ ಪದ್ಧತಿಯನ್ನು ಅವರ ಹೆಂಡತಿಗೆ, ಇಷ್ಟು ವರ್ಷಗಳ ಮೇಲೆ, ಆ ಹಿತ್ತಲಲ್ಲಿ ನಿಂತು ವಿವರಿಸಿದೆ. ತಮಾಷೆ ಮಾಡದ ಅಮ್ಮನ ಮುಖವನ್ನು ನಾನು ಮೊದಲ ಸಲ ನೋಡಿದೆ. ಅದು ಯಾರದೋ ಮುಖದಂತಿತ್ತು.

ಶಾಲೆಗೆ ಬರುವುದಿಲ್ಲ ಎಂದು ಕಾವಲುಗಾರನಿಗೆ ಹೇಳಿದೆ. ಮುದುಕಪ್ಪನನ್ನು ವಾಲಿದ ಹಾಗೇ ಬಿಟ್ಟೆವು. ಯಾರಿಗೂ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ.

ದಿನಾ ಸಂಜೆ ಅಮ್ಮನಿಗೆ ಜಡೆ ಹಾಕುವುದು ಮಗಳ ಕೆಲಸ. ಅಂದೂ ಬಾಚಣಿಗೆ ತಂದು ಅಜ್ಜಿಯ ಬೆನ್ನ ಹಿಂದೆ ಕೂತಳು. ಬಿಳಿಕೂದಲನ್ನು ಮೂರು ಎಳೆ ಮಾಡಿದಳು. ಎಳೆಗಳು ಬೆರಳಿನ ಸಂದಿಯಿಂದ ಮತ್ತೆ ಮತ್ತೆ ಜಾರುತ್ತಿದ್ದವು. ಅಮ್ಮ ಎರಡೂ ಕೈ ಹಿಂದಕ್ಕೆ ಚಾಚಿ ಆ ಬೆರಳುಗಳನ್ನು ಕೂದಲಿನ ಸಮೇತ ಹಿಡಿದುಕೊಂಡಳು.

"ಬಿಡು ಅಜ್ಜಿ. ಹೀಗೆ ಹಿಡ್ಕೊಂಡ್ರೆ ಜಡೆ ಹಾಕೋದು ಹೇಗೆ?"

"ಬೇಡ ಕಣೇ ಕತ್ತರಿ," ಎಂದಳು ಅಮ್ಮ. "ಇವತ್ತು ಹಾಕೋದೇ ಬೇಡ."

ಬಿಡಲಿಲ್ಲ.