ಎಲೆ ಕಟ್ಟಿನ ಜೊತೆ ಮಗಳ ಆಧಾರ್

ಓದು ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ಕೇಳುವವರಿಗೇನು ಬರವೇ? ಕೆಲಸ ಸಿಕ್ಕಿತೇ ಎಂದು ಓಣಿಗೆ ಓಣಿಯೇ ವಿಚಾರಿಸುತ್ತದೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಮಜೀದನನ್ನೂ ಹಾಗೇ ಕೇಳುತ್ತಿದ್ದರು. ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡುತ್ತಿದ್ದರು. ಮಜೀದ ಎದೆ ಉಬ್ಬಿಸುತ್ತಿದ್ದ. ಮಗಳು ಫರ್ಹತ ಬಿ.ಕಾಂ. ಪಾಸಾಗಿದ್ದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

ಎಲೆ ಒಯ್ಯಲು ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಗಿರಾಕಿಗಳು ಬರುತ್ತಾರಲ್ಲ, ಅವರಿಗೆಲ್ಲ ಎಲೆಯ ಕಟ್ಟಿನ ಜೊತೆ ಮಜೀದ ಪಿನ್ನು ಹೊಡೆದ ಝೆರಾಕ್ಸ್ ಪ್ರತಿಗಳನ್ನೂ ಕೊಡುತ್ತಿದ್ದ. ಮಗಳ ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಮೇಲೊಂದು ಫೋಟೋ. ಯಾರಾದರೂ ಕೆಲಸ ಕೊಡಿಸಲಿ ಎಂಬುದೊಂದು ಆಸೆ, ಮಗಳ ಮಾರ್ಕ್ಸು ನಾಲ್ಕು ಮಂದಿ ನೋಡಲಿ ಎಂಬುದು ಇನ್ನೊಂದು. ಎರಡನೆಯದೇ ತುಸು ದೊಡ್ಡದಿತ್ತು ಅನ್ನಿ. ಮಗಳನ್ನು ಒಂದು ಮಾತು ಕೇಳಬಾರದೇ ಎಂದು ಹೆಂಡತಿ ಮರಿಯಮಬಿ ಅಂದಿದ್ದಳು. ತನ್ನ ಗಿರಾಕಿಗಳೆಂದರೆ ಮನೆ ಮಂದಿ ಇದ್ದಂತೆ ಎಂದು ಮಜೀದ ಆ ಮಾತನ್ನು ಹಾರಿಸಿಬಿಟ್ಟಿದ್ದ.

ಒಂದು ಮಧ್ಯಾಹ್ನ ಅವನಿಗೆ ಫೋನು ಬಂತು. ಮಗಳ ಆಧಾರಿಗೂ ಬ್ಯಾಂಕಿಗೂ ಕೊಟ್ಟಿದ್ದದ್ದು ಅವನ ನಂಬರೇ. ಆ ಕಡೆಯವನು ತಾನು ದೊಡ್ಡ ಕಂಪನಿಯವನೆಂದ. ಫರ್ಹತಳ ಹುಟ್ಟಿದ ತಾರೀಖು, ತಂದೆಯ ಹೆಸರು, ಬಿ.ಕಾಂ. ಮಾರ್ಕ್ಸು ಎಲ್ಲ ತಾನೇ ಹೇಳಿದ. ಹುಬ್ಬಳ್ಳಿಯಲ್ಲಿ ಲೆಕ್ಕ ನೋಡುವ ಕೆಲಸ ಪಕ್ಕಾ, ಈಗ ಫೋನಿಗೊಂದು ನಂಬರು ಬರುತ್ತದೆ, ಅದನ್ನು ಓದಿ ಹೇಳಿದರೆ ಮುಗಿಯಿತು ಅಂದ. ಮಜೀದನ ಕಣ್ಣು ತುಂಬಿ ಬಂತು. ಮಗಳ ಮಾರ್ಕ್ಸು ಬಾಯಿಪಾಠ ಒಪ್ಪಿಸುವವನು ಕಳ್ಳನಾಗುವುದುಂಟೇ? ಮೆಸೇಜು ಬಂದೇಬಿಟ್ಟಿತು. ಕನ್ನಡಕ ಸಿಗದೆ ಮಗಳನ್ನೇ ಕೂಗಿ, ನಂಬರು ಓದಲು ಹೇಳಿದ.

ಫರ್ಹತ ನೋಡಿದಳು. ಮೆಸೇಜಿನಲ್ಲಿ ಕೆಲಸದ ಸುದ್ದಿಯೇ ಇರಲಿಲ್ಲ. ಇದ್ದದ್ದು ಆಧಾರಿನ ಒಟಿಪಿ, ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ. ಅವಳು ಫೋನು ಕಿವಿಗಿಟ್ಟುಕೊಂಡಳು.

"ಸರ್, ನಿಮ್ಮ ಆಫೀಸ್ ಎಲ್ಲಿ ಐತಿ ಹೇಳ್ರಿ. ನಾಳೆ ನಾನ ಬರ್ತೇನಿ. ಕಾಗದ ಎಲ್ಲಾ ಅಲ್ಲೇ ತೋರಸ್ತೇನಿ."

ಅವನು ಮೊದಲು ನಯವಾಗಿ ಮಾತಾಡಿದ. ಆಮೇಲೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಹೆದರಿಸಿದ. ಅವಳು ಮತ್ತೆ ಅದನ್ನೇ ಕೇಳಿದಾಗ ಫೋನಿಟ್ಟುಬಿಟ್ಟ.

ಬಂದ ಕೆಲಸವನ್ನು ಒದ್ದು ಕಳಿಸಿದಳೆಂದು ಮಜೀದ ಸಿಡಿದ. ಫರ್ಹತ ಶಾಂತವಾಗಿ ಕೇಳಿದಳು. "ನನ್ನ ಮಾರ್ಕ್ಸ್ ಅವಂಗ ಯಾರು ಕೊಟ್ರು ಅಬ್ಬಾ?"

ಮಜೀದ ಎಲೆ ಕಟ್ಟುಗಳತ್ತ ನೋಡಿದ.

"ಆ ನಂಬರ್ ಹೇಳಿದ್ರ ನನ್ನ ಹೆಸರಿನ್ಯಾಗ ಬ್ಯಾಂಕ್ ಖಾತೆ ತಗೀತಿದ್ದ. ಯಾರಿಗೋ ಮೋಸ ಮಾಡಿದ ರೊಕ್ಕ ಅದರಾಗ ತುಂಬತಿದ್ದ. ಪೊಲೀಸ್ರು ಹುಡುಕ್ಕೋತ ಬರೋದು ಅವನ ಮನಿಗಲ್ಲ, ನಮ್ಮ ಮನಿಗಿ."

ಪೇಟೆಗೆಲ್ಲ ಮೆರೆಸಿದ ಹೆಸರು ಪೊಲೀಸ್ ಠಾಣೆಯಲ್ಲಿ ಕೇಳಿಬರುವುದನ್ನು ನೆನೆದು ಮಜೀದ ಉಳಿದಿದ್ದ ಝೆರಾಕ್ಸ್ ಪ್ರತಿಗಳನ್ನೆಲ್ಲ ತಂದು ಮಗಳ ಕೈಗಿಟ್ಟ. ಅವತ್ತೇ ಫರ್ಹತ ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಫೋನು ಮಾಡಿ ದೂರು ಕೊಟ್ಟಳು. ತನ್ನ ಬೆರಳಚ್ಚು ಯಾರೂ ಬಳಸದಂತೆ ಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿದಳು. ಬ್ಯಾಂಕಿಗೂ ಹೋಗಿ ತಿಳಿಸಿದಳು.

ಮಜೀದ ಗಿರಾಕಿಗಳ ಹತ್ತಿರ ಪ್ರತಿಗಳನ್ನು ವಾಪಸು ಕೇಳತೊಡಗಿದ. ಕೊಟ್ಟದ್ದನ್ನು ಕೇಳುವುದು ವ್ಯಾಪಾರಿಗೆ ಎಂಥ ನಾಚಿಕೆ! ಆದರೂ ಕೇಳಿದ. ಹಾನಗಲ್ಲಿನ ಚನ್ನವೀರಪ್ಪ ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ, ತಂದುಕೊಟ್ಟ. ಇನ್ನೊಬ್ಬ ಗಿರಾಕಿ ಹುಡುಗಿಗೆ ಒಳ್ಳೆಯದಾಗಲಿ ಎಂದೇ ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದ. ಅವರಲ್ಲಿ ಯಾರೂ ಕಳ್ಳರಲ್ಲ. ಒಳ್ಳೆಯವರ ಕೈ ದಾಟಿಯೇ ಕಾಗದ ಕಳ್ಳನಿಗೆ ಸಿಕ್ಕಿತ್ತು.

ಮುಂದೆ ಹಾನಗಲ್ಲಿನ ಒಂದು ಸಹಕಾರಿ ಸಂಘ ಲೆಕ್ಕ ಬರೆಯುವವರನ್ನು ಕರೆಯಿತು. ಅಪ್ಪ ಮಗಳು ಬಸ್ ಹತ್ತಿ ಹೋಗಿ ಮೊದಲು ಆಫೀಸು ನೋಡಿದರು, ಬೋರ್ಡು ನೋಡಿದರು. ಕೆಲಸಕ್ಕೆ ಆರಿಸಿದ ಮೇಲಷ್ಟೇ ಫರ್ಹತ ಆಧಾರ್ ಪ್ರತಿ ಕೊಟ್ಟಳು. ಅದರಲ್ಲಿ ಕಾಣುತ್ತಿದ್ದದ್ದು ಆಧಾರ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ, ಉಳಿದವನ್ನು ಮರೆಮಾಡಿದ್ದಳು. ಅಡ್ಡಲಾಗಿ 'ಈ ಸಂಘದ ಕೆಲಸಕ್ಕೆ ಮಾತ್ರ' ಎಂದು ಬರೆದು ತಾರೀಖು, ಸಹಿ ಹಾಕಿದ್ದಳು. ಸಂಘದ ಕಾರ್ಯದರ್ಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ತನ್ನ ಹೆಸರು ಇಷ್ಟು ಜ್ವಾಕಿ ಮಾಡಾಕಿ ನಮ್ಮ ಲೆಕ್ಕಾನೂ ಜ್ವಾಕಿ ಮಾಡ್ತಾಳ ಬಿಡ್ರಿ." ಮಜೀದನಿಗೆ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅವನು ಈಗಲೂ ಮಗಳ ಸುದ್ದಿ ಹೇಳದೆ ಎಲೆ ಕಟ್ಟುವುದಿಲ್ಲ. ಮೊನ್ನೆ ಒಬ್ಬ ಗಿರಾಕಿ ತನ್ನ ತಂಗಿಯ ಮಗಳಿಗೆ ಕೆಲಸ ಕೇಳಿಕೊಂಡು ಅವಳ ಕಾಗದಗಳ ಝೆರಾಕ್ಸ್ ಹಿಡಿದು ಬಂದಾಗ, ಮಜೀದ ಅದನ್ನು ಮಡಿಸಿ ಅವನ ಕಿಸೆಗೇ ಇಟ್ಟ. "ಎಲಿ ಎಷ್ಟು ಬೇಕಾರ ಒಯ್ರಿ. ಹುಡುಗಿ ಹೆಸರು ಹುಡುಗಿ ಕೈಯಾಗ ಇರ್ಲಿ."

ಇದನ್ನು ಓದುತ್ತಿರುವ ಅಪ್ಪ ಅವ್ವಂದಿರೇ, ಕೆಲಸ ಹುಡುಕುತ್ತಿರುವ ಮಕ್ಕಳೇ, ನಿಮ್ಮ ಮನೆಯ ಕಾಗದ ಯಾರ ಯಾರ ಕೈಯಲ್ಲಿದೆ ಎಂದು ಇವತ್ತೇ ನೆನಪು ಮಾಡಿಕೊಳ್ಳಿ. ಕೆಲಸ ಕೊಡುವವರು ಒಟಿಪಿ ಕೇಳುವುದಿಲ್ಲ. ಕೇಳಿದರೆ ಆಫೀಸು ಎಲ್ಲಿದೆ ಎಂದು ನೀವೇ ಕೇಳಿ. ಮೋಸ ಕಂಡರೆ ತಡಮಾಡದೆ ೧೯೩೦ಕ್ಕೆ ತಿಳಿಸಿ. ಕಷ್ಟಪಟ್ಟು ಓದಿ ಗಳಿಸಿದ ಹೆಸರು ನಿಮ್ಮದು. ಅದನ್ನು ಕಾಯುವುದೂ ನಿಮ್ಮ ಹೆಮ್ಮೆಯೇ.