ಮೋಟಾರು ಷೆಡ್ಡಿನಲ್ಲಿ ಬಾಣಂತಿ ಮಂಚ

ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗುತ್ತಿಲ್ಲ. ಮೋಟಾರಿನ ಹಿಂದೆ ಇದ್ದಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದಾರೆ. ಓಡಿಸಲಿ. ಆದರೆ ಓಡಿಸಿ ತಂದ ಮೋಟಾರನ್ನು ಒಲೆ ಆರುವ ಮೊದಲೇ ಮನೆಯೊಳಗೆ ನಿಲ್ಲಿಸಿ ಬಾಗಿಲು ಹಾಕುತ್ತಾರಲ್ಲ, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಗುರುಶಾಂತಮ್ಮ, ಆದೋನಿಯಲ್ಲಿ ಹೆರಿಗೆ ಮಾಡಿಸುವ ನರ್ಸು. ಹೋದ ತಿಂಗಳು ಹತ್ತಿ ವ್ಯಾಪಾರಿ ಏಕಾಂತಪ್ಪನವರ ಮಗಳು ಹೂವಮ್ಮನಿಗೆ ತವರಿನಲ್ಲಿ ಹೆರಿಗೆ ಮಾಡಿಸಿದೆ. ಚೊಚ್ಚಲು, ಹೆಣ್ಣು ಮಗು. ಹನ್ನೆರಡನೆಯ ದಿನ ಮಧ್ಯಾಹ್ನ ನೋಡಲು ಹೋದರೆ ಬಾಣಂತಿ ಕೋಣೆ ಖಾಲಿ.

"ಹೂವಮ್ಮ ಎಲ್ಲಿ ಅದಾಳ್ರಿ?" ಎಂದೆ.

"ಮೋಟಾರು ಷೆಡ್ಡಿನ್ಯಾಗ ಮಂಚ ಹಾಕೀವಕ್ಕಾ," ಎಂದರು ಅವಳ ತಾಯಿ ಕೊಟ್ರಮ್ಮ. "ಬಾಣಂತಿ ಕಾಸಾಕ ಇದ್ದಲಿ ಎಲ್ಲಿ ಉಳಿತೈತಿ? ತಂದದ್ದೆಲ್ಲ ಆ ಮೋಟಾರೇ ತಿಂತೈತಿ. ಹತ್ತಿ ತರಾಕ ಆಸ್ಪರಿಗೆ ಹೋಗಿ ಬಂತಂದ್ರ ಸಂಜೀತನಕ ಅದರ ಒಲಿ ಬೆಚ್ಚಗಿರ್ತೈತಿ. ಒಂದೇ ಇದ್ದಲಿ, ಎರಡು ಕೆಲಸ! ಇದೆಲ್ಲ ನಮ್ಮ ಯಜಮಾನ್ರ ತಲಿ."

"ಮಗಳು ಹೆಂಗದಾಳ?"

"ಮೂರು ದಿನದಿಂದ ತಲಿ ಸಿಡೀತೈತಿ ಅಂತಾಳ. ವಾಂತಿ ಬ್ಯಾರೆ. ಯಾರ ಕಣ್ಣು ಬಿತ್ತೋ ಏನೋ, ದೃಷ್ಟಿ ತಗದೀನಿ."

ಓಡಿಹೋಗಿ ಷೆಡ್ಡಿನ ಬಾಗಿಲು ದೂಡಿದೆ. ಒಳಗೆ ಹೊಗೆಯೇನೂ ಕಾಣಲಿಲ್ಲ. ಗಾಳಿ ಬಾರದ ಹಾಗೆ ಕಿಟಕಿಗೆ ಗೋಣಿಚೀಲ ತುರುಕಿದ್ದರು. ಮೋಟಾರಿನ ಒಲೆಗೆ ಎರಡು ಮೊಳ ದೂರದಲ್ಲಿ ಹೂವಮ್ಮ ಮಲಗಿದ್ದಳು. ಕೂಗಿ ಕರೆದರೂ ಕಣ್ಣು ಬಿಡಲಿಲ್ಲ. ಮಗುವನ್ನೆತ್ತಿದರೆ ಅದರ ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು.

ಮಗುವನ್ನೆತ್ತಿಕೊಂಡು ಹೊರಟರೆ ಕೊಟ್ರಮ್ಮ ಬಾಗಿಲಿಗೇ ಅಡ್ಡ ನಿಂತರು.

"ಬ್ಯಾಡಕ್ಕಾ! ಹಸಿ ಮೈಗೆ ಗಾಳಿ ಸೋಕಿದ್ರ ಸನ್ನಿ ಆಗ್ತೈತಿ!"

"ಸರೀರಿ ಅತ್ಲಾಗ! ಗಾಳಿ ಇಲ್ದ ಸಾಯಾಕತ್ಯಾರ ಇಬ್ರೂ!"

ದೂಡಿಕೊಂಡೇ ಹೊರಬಂದು ಮಗುವನ್ನು ಅಂಗಳದ ಕಟ್ಟೆಯ ಮೇಲೆ ಮಲಗಿಸಿದೆ. ಗದ್ದಲ ಕೇಳಿ ಏಕಾಂತಪ್ಪ ಓಡಿ ಬಂದರು. ನಾನೊಂದು ಕಡೆ, ಅವರೊಂದು ಕಡೆ ಹಿಡಿದು ಹೂವಮ್ಮನನ್ನು ಅಂಗಳಕ್ಕೆ ತಂದೆವು. ಡಾಕ್ಟರನ್ನು ಕರೆತರಲು ಆಳನ್ನು ಕಳಿಸಿದೆ. ಮಗುವಿನ ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಅಳಲಿಲ್ಲ. ಮತ್ತೆ ಉಜ್ಜಿದೆ. ಆಗ ಕೂಸು ಸಣ್ಣಗೆ ಮುಲುಗಿತು, ಆಮೇಲೆ ಅತ್ತಿತು. ಹೂವಮ್ಮ ವಾಂತಿ ಮಾಡಿಕೊಂಡು, "ನನ್ನ ಕೂಸು ಎಲ್ಲಿ?" ಎಂದಳು. "ಅಯ್ಯೋ ದೇವುಡಾ!" ಎಂದು ಕೊಟ್ರಮ್ಮ ಮಗಳನ್ನು ತಬ್ಬಿಕೊಂಡರು.

ಏಕಾಂತಪ್ಪನವರಿಗೆ ಇನ್ನೂ ನಂಬಿಕೆಯಿಲ್ಲ. "ಸುಮ್ನ ಗಾಬ್ರಿ ಮಾಡ್ತೀರಿ ನರ್ಸಮ್ಮ. ಹೊಗಿ ಎಲ್ಲೈತಿ? ಬಿಲ್ಕುಲ್ ವಾಸನೀನೂ ಇಲ್ಲ."

ನನ್ನ ಸಿಟ್ಟು ನೆತ್ತಿಗೇರಿತು.

"ಸಾವ್ಕಾರ್ರೀ, ಇದ್ದಲ ಗ್ಯಾಸು ಎಂಟು ಮಂದೀನ ಕುಂದ್ರಿಸಿಕೊಂಡು ಮೋಟಾರು ಎಳಿತೈತಿ ಅಂತ ಊರೆಲ್ಲ ಹೇಳ್ಕೋತ ತಿರುಗ್ತೀರಿ. ಆ ಗ್ಯಾಸು ನಿಮಗೆ ಎಂದಾರ ಕಂಡೈತೇನು?"

"ಇಲ್ಲ..."

"ಎಂಜಿನ್ ನಿಂತ ಮ್ಯಾಲೂ ಒಳಗ ಕೆಂಡ ಇರ್ತೈತಿ. ಆಗ ಆ ಗ್ಯಾಸು ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚೀರಿ, ಬಾಗಿಲು ಮುಚ್ಚೀರಿ. ನಿಮ್ಮ ಮಗಳ ಉಸಿರಿನ್ಯಾಗ ಹೋಗ್ತೈತಿ! ಅದು ವಿಷ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಗೊತ್ತಾಗಂಗಿಲ್ಲ."

ಏಕಾಂತಪ್ಪ ಮೊಮ್ಮಗಳ ಮುಖ ನೋಡಿದರು. ಆಮೇಲೆ ತಾವೇ ಹೋಗಿ ಕಿಟಕಿಯ ಚೀಲ ಕಿತ್ತೆಸೆದರು, ಆಳುಗಳನ್ನು ಕೂಗಿ ಮೋಟಾರನ್ನು ಬಯಲಿಗೆ ತಳ್ಳಿಸಿದರು. "ತಪ್ಪಾತು ತಾಯಿ," ಎಂದದ್ದು ನನಗಲ್ಲ, ಮಗಳಿಗೆ. ತಾಯಿ-ಮಗು ಈಗ ಚೆನ್ನಾಗಿದ್ದಾರೆ. ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಮೋಟಾರಿನ ಒಲೆ ಪೂರ್ತಿ ಆರುವ ತನಕ ಗಾಡಿ ಬಯಲಲ್ಲೇ ನಿಲ್ಲಲಿ. ಷೆಡ್ಡಿನಲ್ಲಿ ಯಾರನ್ನೂ ಮಲಗಿಸಬೇಡಿ. ಬಾಣಂತಿಗೆ ಕಾಸುವ ಕೆಂಡವೂ ಅದೇ ವಿಷ ಕಾರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನಿಡಬೇಡಿ, ಕಿಟಕಿ ತೆರೆಯಿರಿ. ಕೆಂಡದ ಬಳಿ ತಲೆ ಸಿಡಿದರೆ, ವಾಂತಿ ಬಂದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಮೊದಲು ಹೊರಗೆ ಕರೆತನ್ನಿ, ಡಾಕ್ಟರನ್ನು ಕರೆಸಿ.

ಹೆರಿಗೆಗೆ ಕರೆಯಿರಿ, ದೂರದ ದೇವನಕೊಂಡದಿಂದ ಕರೆದರೂ ಬರುತ್ತೇನೆ. ಈ ಕೈಯಿಂದ ಎತ್ತಿಕೊಟ್ಟ ಕೂಸನ್ನು ಮಣ್ಣಿಗಿಡುವುದನ್ನು ನೋಡಲು ಮಾತ್ರ ಕರೆಯಬೇಡಿ.