ಮಡಿಸೀರೆಯ ನಾಲ್ಕು ಎಳೆ

ರಾಜಾಜಿನಗರದ ತುಂಗಮ್ಮನವರು ಮಡಿಯುಟ್ಟು ಒಲೆ ಮುಂದೆ ಕೂತರೆಂದರೆ, ಊಟ ಮುಗಿಯುವವರೆಗೆ ಯಾರನ್ನೂ ಮುಟ್ಟುವವರಲ್ಲ. ಅವರ ಪಟ್ಟೆಸೀರೆ ಸೊಸೆ ಜಲಜಾ ಕೊಡಿಸಿದ್ದು. ಬಾಗಿಲಿಗೆ ಬಂದ ಸೀರೆಯವನು ಅಪ್ಪಟ ರೇಷ್ಮೆ ಪಟ್ಟೆಯೆಂದು ಆಣೆಯಿಟ್ಟಿದ್ದ. ಅತ್ತೆಗೆ ಅದರ ಮೇಲೆ ಪ್ರಾಣ.

ಒಂದು ಬೆಳಿಗ್ಗೆ ಸೌದೆಯ ಕಿಡಿ ಹಾರಿ ಸೆರಗು ತೂತಾಯಿತು. ತೂತಿನ ಅಂಚು ಕರಗಿ, ಕಪ್ಪಗೆ ಗಟ್ಟಿಯಾಗಿತ್ತು. ಅದನ್ನು ಕಂಡ ಜಲಜಾ ಪಕ್ಕದ ಮನೆಯ ಕೋಕಿಲಾಳನ್ನು ಕರೆದಳು. ಕೋಕಿಲಾ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು.

"ಪಟ್ಟೆ ಹೀಗೆ ಕರಗಲ್ಲ ಕಣೇ," ಎಂದಳು ಕೋಕಿಲಾ.

"ಅತ್ತೆ, ಒಂದೆಳೆ ಸುಟ್ಟು ನೋಡೋಣ್ವಾ?" ಎಂದಳು ಜಲಜಾ.

"ನೀನು ಆಸೆಪಟ್ಟು ತಂದ ಸೀರೆಗೆ ಬೆಂಕಿ ತೋರಿಸ್ಲಾ? ಸುಮ್ನಿರೇ! ಇದು ಪಟ್ಟೇನೇ."

"ಬೆಂಕಿ ಬೇಡ ತುಂಗಮ್ಮನೋರೇ, ನಾಲ್ಕು ಎಳೆ ಕೊಡಿ. ಲ್ಯಾಬಲ್ಲಿ ಪರೀಕ್ಷೆ ಮಾಡ್ಸಿ ತರ್ತೀನಿ," ಎಂದಳು ಕೋಕಿಲಾ.

ತುಂಗಮ್ಮನವರು ಎಳೆ ಕಿತ್ತು, ಅವಳು ಚಾಚಿದ ಕಾಗದದ ಮೇಲೆ ಎತ್ತರದಿಂದಲೇ ಉದುರಿಸಿದರು. ಮಡಿ ಎಂದರೆ ಮಡಿ!

ಮರುದಿನ ಕೋಕಿಲಾ ಎರಡು ಉದ್ದನೆಯ ಕಾಗದ ತಂದಳು. ಎರಡರಲ್ಲೂ ಏರಿಳಿಯುವ ಗೆರೆ.

"ಎಳೆನ ಒಂದು ಥರದ ಉಪ್ಪಿನ ಜೊತೆ ಅರೆದು ಬಿಲ್ಲೆ ಮಾಡಿದ್ವಿ. ಅದರೊಳಗೆ ಇನ್‌ಫ್ರಾರೆಡ್ ಕಿರಣ ಬಿಟ್ವಿ, ಅದು ಕಣ್ಣಿಗೆ ಕಾಣಲ್ಲ. ಒಂದೊಂದು ವಸ್ತು ಒಂದೊಂದು ಜಾಗದಲ್ಲಿ ಅದನ್ನ ಹೀರ್ಕೊಳ್ಳುತ್ತೆ. ಅಲ್ಲಿ ಮಿಷನ್ನಿನ ಪೆನ್ನು ಕೆಳಗಿಳಿಯುತ್ತೆ. ಇದು ನನ್ನ ಮದುವೆ ಸೀರೇದು, ಅಸಲಿ ಪಟ್ಟೆ. ಇದು ನಿಮ್ದು. ನೀವೇ ನೋಡಿ."

ತುಂಗಮ್ಮನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೆರೆ ಇಳಿದ ಜಾಗಗಳು ಬೇರೆ ಬೇರೆಯಾಗಿದ್ದವು.

"ಹಾಗಾದ್ರೆ ನಂದು ಏನು?"

"ಪಾಲಿಯೆಸ್ಟರ್. ನಮ್ಮಲ್ಲಿರೋ ಪಾಲಿಯೆಸ್ಟರ್ ಗೆರೆಗೆ ಸರಿಯಾಗಿ ಹೊಂದಿತು. ಬೆಂಕಿ ತಗುಲಿದ್ರೆ ಕರಗಿ ಮೈಗೆ ಅಂಟ್ಕೊಳ್ಳುತ್ತೆ."

ಜಲಜಾ ಗೋಡೆಗೊರಗಿ ಅತ್ತಳು. "ದಿನಾ ಅದನ್ನೇ ಉಟ್ಟು ಒಲೆ ಮುಂದೆ ಕೂತಿದ್ರಲ್ಲ ಅತ್ತೆ! ನಿಮಗೇನಾದ್ರೂ ಆಗಿದ್ರೆ?"

ಸೊಸೆಯ ಹಟಕ್ಕೆ ಆ ದಿನ ಹತ್ತಿಯ ಮಡಿಸೀರೆಯುಟ್ಟಿದ್ದ ತುಂಗಮ್ಮನವರು ಎದ್ದು ಬಂದು ಅವಳನ್ನು ತಬ್ಬಿಕೊಂಡರು.

"ಅತ್ತೆ, ಮಡಿ!"

"ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು. ಅಳ್ಬೇಡ ಕಣೇ. ಮೋಸ ಮಾಡಿದ್ದು ಆ ಸೀರೆಯವನು, ನೀನಲ್ಲ. ಹರಿಕಥೆಗೆ ಹೋಗುವಾಗ ಅದನ್ನೇ ಉಡ್ತೀನಿ, ಒಲೆ ಮುಂದೆ ಮಾತ್ರ ಬೇಡ."

ಅಕ್ಕತಂಗಿಯರೇ, ಇಂಥ ಮಿಷನ್ನು ಎಲ್ಲರ ಕೈಗೂ ಸಿಗುವುದಿಲ್ಲ, ನಿಜ. ಆದರೆ ಹೊಳಪು ನೋಡಿ ಪಟ್ಟೆಯೆಂದು ನಂಬಬೇಡಿ. ಯಾವ ನೂಲೆಂದು ಗೊತ್ತಿಲ್ಲದ ಸೀರೆಯುಟ್ಟು ಒಲೆ, ಸ್ಟವ್ ಹಚ್ಚಬೇಡಿ. ಹತ್ತಿಸೀರೆ ಉಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಇವತ್ತು ಒಲೆ ಹೊತ್ತಿಸುವ ಮೊದಲು ನಿಮ್ಮ ಅತ್ತೆ ಏನು ಉಟ್ಟಿದ್ದಾರೆ, ನಿಮ್ಮ ಸೊಸೆ ಏನು ಉಟ್ಟಿದ್ದಾಳೆ, ಒಮ್ಮೆ ತಿರುಗಿ ನೋಡಿ.